ಎರಡು ಕಾಸಿನ ದಾನ

ಹಬ್ಬವೆಂದರೆ ಕೊಡುವ ಕಾಲ. ದೀಪಾವಳಿಯಾಗಲಿ, ರಂಜಾನಾಗಲಿ, ಕ್ರಿಸ್ಮಸ್ಸಾಗಲಿ, ಹಬ್ಬದ ದಿನ ತಾನೊಬ್ಬನೇ ಉಂಡು ಕೈ ತೊಳೆದವನನ್ನು ಯಾವ ಮತದವರೂ ಮೆಚ್ಚಲಾರರು. ಡಿಸೆಂಬರ್ ತಿಂಗಳು ಬಂದಿತೆಂದರೆ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಹಿಟ್ಟು ನಾದುವ, ಎಣ್ಣೆ ಕಾಯಿಸುವ ಸಂಭ್ರಮವು ಮೊದಲಾಗುತ್ತದೆ. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಮುಂತಾದ ಭಕ್ಷ್ಯಗಳನ್ನೆಲ್ಲ ಕೂಡಿಸಿ ‘ಕುಸ್ವಾರ್’ ಎಂದು ಕರೆಯುವರು. ಅವನ್ನು ತಟ್ಟೆಯಲ್ಲಿ ಜೋಡಿಸಿ, ಜಾತಿ ಮತಗಳ ಎಣಿಕೆಯಿಲ್ಲದೆ ನೆರೆಮನೆಗಳಿಗೆ ಕಳುಹಿಸುವುದು ಆ ಸೀಮೆಯ ವಾಡಿಕೆ. ನೆರೆಯವರೂ ತಮ್ಮ ಹಬ್ಬಗಳು ಬಂದಾಗ ಅದೇ ತಟ್ಟೆಯನ್ನು ತುಂಬಿ ಹಿಂದಿರುಗಿಸುವರು. ನೆರೆಹೊರೆಯ ಸ್ನೇಹವು ಬಾಳುವುದು ಇಂತಹ ತಟ್ಟೆಗಳ ಓಡಾಟದಿಂದಲೇ ಎಂಬುದರಲ್ಲಿ ಸಂದೇಹವಿಲ್ಲ.

ಈ ಕೊಡುಕೊಳ್ಳುವಿಕೆಯ ಸೊಗಸನ್ನು ಅಲ್ಲಗಳೆಯತಕ್ಕವರು ನಾವಲ್ಲ. ಆದರೂ ವಾಚಕರು ತುಸು ವಿಚಾರ ಮಾಡಿ ನೋಡಿದರೆ ಹಬ್ಬದ ಔದಾರ್ಯದಲ್ಲಿ ಎರಡು ಊನಗಳು ಕಂಡುಬರುವುವು. ಮೊದಲನೆಯದು, ಆ ತಟ್ಟೆಯು ಸಾಮಾನ್ಯವಾಗಿ ತಟ್ಟೆಯನ್ನು ತುಂಬಿ ಹಿಂದಿರುಗಿಸಬಲ್ಲವರ ಮನೆಗಳ ನಡುವೆಯೇ ತಿರುಗುತ್ತಿರುತ್ತದೆ. ಬೀದಿಯ ಕೊನೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೆಮ್ಮುತ್ತಿರುವವನ ಮನೆಗೆ ಅದು ಹೋಗುವುದು ಅಪರೂಪ. ಎರಡನೆಯದು, ಹಬ್ಬದ ದೀಪವು ಆರುತ್ತಲೇ ಆ ಔದಾರ್ಯವೂ ಆರಿಹೋಗುತ್ತದೆ. ಡಿಸೆಂಬರ್ ೨೫ರಂದು ಹೊಟ್ಟೆ ತುಂಬ ಉಂಡ ಬಡವನಿಗೆ ೨೬ರಂದು ಹಸಿವಾಗುವುದಿಲ್ಲವೆ? ಇವೆರಡು ಊನಗಳಿಗೂ ಒಂದೇ ಮದ್ದನ್ನು ಕಂಡುಹಿಡಿದವನು ಅರಸನೂ ಅಲ್ಲ, ಧರ್ಮಗುರುವೂ ಅಲ್ಲ. ಅಂಚೆಯ ಕಛೇರಿಯಲ್ಲಿ ಕಾಗದಗಳನ್ನು ವಿಂಗಡಿಸುತ್ತಿದ್ದ ಒಬ್ಬ ಗುಮಾಸ್ತನು. ಆತನು ಮಾಡಿದ ಉಪಾಯವೇನೆಂಬುದನ್ನೂ, ಅದರಿಂದ ಗೃಹಸ್ಥರಾದ ನಾವು ಕಲಿಯಬೇಕಾದುದೇನೆಂಬುದನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ.

ಡೆನ್ಮಾರ್ಕಿನ ಗುಮಾಸ್ತ

ಯೂರೋಪು ಖಂಡದ ಉತ್ತರದಲ್ಲಿ ಡೆನ್ಮಾರ್ಕ್ ಎಂಬ ಪುಟ್ಟ ರಾಜ್ಯವಿದೆ. ಅಲ್ಲಿ ಡಿಸೆಂಬರಿನಲ್ಲಿ ಚಳಿಯೂ ಕತ್ತಲೆಯೂ ಬಹಳ. ಮಧ್ಯಾಹ್ನ ನಾಲ್ಕು ಗಂಟೆಯಾಗುವುದರೊಳಗಾಗಿ ಸೂರ್ಯನು ಮುಳುಗಿಬಿಡುತ್ತಾನೆ. ಇಂತಹ ದಿನಗಳಲ್ಲಿ ಬಂಧುಮಿತ್ರರಿಗೆ ಕ್ರಿಸ್ಮಸ್ಸಿನ ಶುಭಾಶಯಗಳನ್ನು ಬರೆದು ಕಳುಹಿಸುವುದು ಆ ಜನರಿಗೆ ಅತ್ಯಂತ ಪ್ರಿಯವಾದ ಆಚಾರವಾಗಿತ್ತು. ಹಬ್ಬವು ಹತ್ತಿರವಾದಂತೆಲ್ಲ ಅಂಚೆಯ ಕಛೇರಿಗಳಲ್ಲಿ ಕಾಗದಗಳ ರಾಶಿಯು ಬೆಟ್ಟದಂತೆ ಬೆಳೆಯುತ್ತಿತ್ತು.

೧೯೦೩ನೆಯ ಇಸವಿಯ ಡಿಸೆಂಬರಿನಲ್ಲಿ ಇಂತಹ ರಾಶಿಯ ಮುಂದೆ ಕೆಲಸ ಮಾಡುತ್ತಿದ್ದವರಲ್ಲಿ ಐನಾರ್ ಹೋಲ್ಬೋಲ್ ಎಂಬಾತನೂ ಒಬ್ಬನು. ಆತನು ೧೮೬೫ರಲ್ಲಿ ಹುಟ್ಟಿದವನು; ಅಂಚೆಯ ಇಲಾಖೆಯಲ್ಲಿ ನೌಕರನಾಗಿದ್ದವನು. ಪ್ರತಿಯೊಂದು ಕಾಗದದ ಮೇಲೂ ಒಂದು ಅಂಚೆ ಚೀಟಿ ಇದ್ದೇ ಇದೆಯಷ್ಟೆ. ಅದರ ಪಕ್ಕದಲ್ಲಿ ಇನ್ನೊಂದು ಅಗ್ಗದ ಚೀಟಿಯನ್ನು ಜನರು ತಾವಾಗಿಯೇ ಕೊಂಡು ಅಂಟಿಸುವಂತಾದರೆ, ಆ ಹಣವನ್ನೆಲ್ಲ ಕೂಡಿಸಿ ರೋಗಿಗಳಾದ ಮಕ್ಕಳ ಶುಶ್ರೂಷೆಗೆ ಬಳಸಬಹುದಲ್ಲವೆ ಎಂಬ ಆಲೋಚನೆಯು ಆತನಿಗೆ ಹೊಳೆಯಿತು.

ಆತನಿಗೆ ರೋಗಿಗಳಾದ ಮಕ್ಕಳೇ ನೆನಪಿಗೆ ಬಂದುದೇಕೆಂದರೆ, ಕ್ಷಯರೋಗವು ಆಗ ಯೂರೋಪಿನ ಮನೆಮನೆಯ ಶತ್ರುವಾಗಿತ್ತು. ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಜರ್ಮನಿಯ ರಾಬರ್ಟ್ ಕಾಖ್ ಎಂಬ ಪಂಡಿತನು ೧೮೮೨ರಲ್ಲಿಯೇ ತೋರಿಸಿಕೊಟ್ಟಿದ್ದನು. ಆದರೆ ಶತ್ರುವಿನ ಗುರುತು ಸಿಕ್ಕಿತೇ ಹೊರತು ಅದನ್ನು ಕೊಲ್ಲುವ ಔಷಧವು ಸಿಕ್ಕಿರಲಿಲ್ಲ. ಒಳ್ಳೆಯ ಗಾಳಿ, ಬಿಸಿಲು, ಪುಷ್ಟಿಕರವಾದ ಆಹಾರ, ತಿಂಗಳುಗಟ್ಟಲೆಯ ವಿಶ್ರಾಂತಿ, ಇವೇ ಆಗಿನ ಚಿಕಿತ್ಸೆ. ಇವುಗಳಲ್ಲಿ ಒಂದಾದರೂ ಬಡವನ ಮನೆಯಲ್ಲಿ ದೊರೆಯತಕ್ಕದ್ದಲ್ಲ. ಒಂದೇ ಕೊಠಡಿಯಲ್ಲಿ ಏಳೆಂಟು ಮಂದಿ ಮಲಗುವ ಸಂಸಾರದಲ್ಲಿ ಒಬ್ಬನಿಗೆ ಕೆಮ್ಮು ಬಂದರೆ ಅದು ಮಕ್ಕಳಿಗೂ ತಗಲುತ್ತಿತ್ತು. ಆದುದರಿಂದ ಅಂತಹ ಮಕ್ಕಳನ್ನಿರಿಸಿ ಪೋಷಿಸುವ ಆರೋಗ್ಯಧಾಮಗಳು ಬೇಕಾಗಿದ್ದುವು; ಅವುಗಳಿಗೆ ಹೇರಳವಾದ ಹಣವೂ ಬೇಕಾಗಿತ್ತು.

ಹೋಲ್ಬೋಲನ ಸೂಚನೆಗೆ ಅಂಚೆಯ ಇಲಾಖೆಯ ಬೆಂಬಲವು ದೊರೆಯಿತು. ಆಗ ಅರಸನಾಗಿದ್ದ ಒಂಬತ್ತನೆಯ ಕ್ರಿಶ್ಚಿಯನ್ನನೂ ಒಪ್ಪಿದನು. ೧೯೦೪ರ ಕ್ರಿಸ್ಮಸ್ಸಿಗೆ ಮೊದಲನೆಯ ಚೀಟಿಯು ಅಚ್ಚಾಗಿ ಹೊರಬಿದ್ದಿತು. ಅದರ ಮೇಲೆ ಅರಸನ ಪತ್ನಿಯೂ, ೧೮೯೮ರಲ್ಲಿ ತೀರಿಕೊಂಡಿದ್ದವಳೂ ಆದ ಲೂಯಿಸ್ ರಾಣಿಯ ಚಿತ್ರವಿತ್ತು. ಅದರ ಬೆಲೆಯು ‘ಓರೆ’ ಎಂಬ ಅಲ್ಲಿಯ ಕಿರುನಾಣ್ಯಗಳಲ್ಲಿ ಎರಡು. ನೂರು ಓರೆಗಳು ಸೇರಿದರೆ ಒಂದು ಕ್ರೋನ. ಎಂದರೆ ನಮ್ಮಲ್ಲಿ ಎರಡು ಕಾಸೆಂದು ಹೇಳುವಂತಹ ಅಲ್ಪವಾದ ಬೆಲೆ. ಆಗ ಆ ದೇಶದ ಒಟ್ಟು ಜನಸಂಖ್ಯೆಯು ಸುಮಾರು ಇಪ್ಪತ್ತೈದು ಲಕ್ಷ. ಮೊದಲನೆಯ ವರ್ಷವೇ ಮಾರಾಟವಾದ ಚೀಟಿಗಳಾದರೋ ನಲವತ್ತು ಲಕ್ಷಕ್ಕೂ ಹೆಚ್ಚು! ತಲೆಗೆ ಒಂದೂವರೆ ಚೀಟಿಯಾಯಿತು. ಎರಡೆರಡು ಕಾಸುಗಳು ಸೇರಿ ಎಂಬತ್ತು ಸಾವಿರ ಕ್ರೋನಗಳನ್ನು ಮೀರಿದುವು. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕೆ?

ಹೀಗೆ ವರ್ಷವರ್ಷವೂ ಕೂಡಿಬಂದ ಹಣದಿಂದ ಕೋಲ್ಡಿಂಗ್ ಎಂಬ ಊರಿನ ಬಳಿ, ಸಮುದ್ರದ ಕಾಲುವೆಯ ದಡದಲ್ಲಿ, ಅರಮನೆಯಂತಹ ಕಟ್ಟಡವೊಂದು ಎದ್ದಿತು. ೧೯೧೧ರಲ್ಲಿ ಅದು ಕ್ಷಯಪೀಡಿತರಾದ ಮಕ್ಕಳ ಆರೋಗ್ಯಧಾಮವಾಯಿತು. ಅದರ ಕಟ್ಟಡಕ್ಕೆ ಹಣ ಕೊಟ್ಟವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಗಿದ್ದರೆ ಇಡೀ ದೇಶದ ಜನರ ಹೆಸರುಗಳನ್ನೇ ಕೆತ್ತಿಸಬೇಕಾಗುತ್ತಿತ್ತು.

ಉಪಾಯದ ಗುಟ್ಟು

ಈ ಚೀಟಿಯ ಉಪಾಯವು ಏಕೆ ಇಷ್ಟು ಫಲಿಸಿತೆಂಬುದನ್ನು ವಿಚಾರಿಸುವುದು ಅವಶ್ಯಕ.

ಮೊದಲನೆಯದಾಗಿ, ಅದು ಬಡವನಿಗೂ ದಾನಿಯಾಗುವ ಅವಕಾಶವನ್ನು ಕೊಟ್ಟಿತು. ದಾನವೆಂಬುದು ಸಿರಿವಂತರ ಕೆಲಸ, ನಮ್ಮಂತಹವರಿಂದ ಏನಾದೀತು ಎಂದು ನಾವು ಅನೇಕರು ಹೇಳಿಕೊಳ್ಳುತ್ತೇವೆ. ಆ ಮಾತಿನಲ್ಲಿ ವಿನಯವೂ ಇರಬಹುದು, ತಪ್ಪಿಸಿಕೊಳ್ಳುವ ಜಾಣತನವೂ ಇರಬಹುದು. ಎರಡು ಕಾಸಿನ ಚೀಟಿಯ ಮುಂದೆ ಆ ನೆಪವು ನಡೆಯದು. ಕೂಲಿಕಾರನು ತನ್ನ ತಾಯಿಗೆ ಬರೆದ ಕಾಗದದ ಮೇಲೂ, ಮಂತ್ರಿಯು ಮತ್ತೊಬ್ಬ ಮಂತ್ರಿಗೆ ಬರೆದ ಕಾಗದದ ಮೇಲೂ ಒಂದೇ ಚೀಟಿ. ಸೇತುವೆಗೆ ಮರಳನ್ನು ತಂದ ಅಳಿಲಿನ ಸೇವೆಯನ್ನು ಕೊಂಡಾಡುವ ನಮಗೆ ಇದರ ಮರ್ಮವು ಚೆನ್ನಾಗಿ ತಿಳಿಯತಕ್ಕದ್ದೇ.

ಎರಡನೆಯದಾಗಿ, ಅದರಲ್ಲಿ ಬಲಾತ್ಕಾರವಿರಲಿಲ್ಲ. ಆ ಚೀಟಿಗೆ ಅಂಚೆಯ ಬೆಲೆಯಿಲ್ಲ. ಅದನ್ನು ಅಂಟಿಸದಿದ್ದರೂ ಕಾಗದವು ಊರನ್ನು ಸೇರಿಯೇ ಸೇರುತ್ತದೆ. ಕೊಡಬೇಕೆಂಬ ಮನಸ್ಸು ಬಂದು ಕೊಟ್ಟದ್ದೇ ಅದರಲ್ಲಿದ್ದ ಹಣವೆಲ್ಲ.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವೆಂದು ನಮಗೆ ತೋರುತ್ತದೆ. ಅದರಿಂದ ತೆಗೆದುಕೊಳ್ಳುವವನ ಮಾನಕ್ಕೆ ಕುಂದು ಬರಲಿಲ್ಲ. ಹಬ್ಬದ ದಿನ ಬಡವರನ್ನು ಸಾಲಾಗಿ ನಿಲ್ಲಿಸಿ, ಊರವರೆಲ್ಲ ನೋಡುತ್ತಿರುವಾಗ ಒಬ್ಬೊಬ್ಬರ ಕೈಗೂ ಕಂಬಳಿಯನ್ನಿಡುವ ದಾನವನ್ನು ವಾಚಕರು ನೋಡಿಯೇ ಇರುವರು. ಕಂಬಳಿಯು ಚಳಿಯನ್ನು ಕಳೆಯುತ್ತದೆ, ನಿಜ. ಆದರೆ ಆ ಸಾಲಿನಲ್ಲಿ ನಿಂತ ತಂದೆಯು ತನ್ನ ಮಗನ ಕಣ್ಣನ್ನು ತಪ್ಪಿಸಿ ನೆಲವನ್ನು ನೋಡುತ್ತಾನೆ. ಕೋಲ್ಡಿಂಗಿನ ಆರೋಗ್ಯಧಾಮಕ್ಕೆ ಹೋದ ಮಗುವು ಯಾರ ಮುಂದೆಯೂ ಹೀಗೆ ತಲೆ ತಗ್ಗಿಸಬೇಕಾಗಿರಲಿಲ್ಲ. ಕೊಟ್ಟವನಿಗೆ ಮಗುವಿನ ಹೆಸರು ತಿಳಿಯದು. ಮಗುವಿಗೆ ಕೊಟ್ಟವನ ಹೆಸರು ತಿಳಿಯದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳುವ ಮಾತು ಇಲ್ಲಿ ಅಕ್ಷರಶಃ ನಡೆದುಬಂದಿತು.

ಕಡಲನ್ನು ದಾಟಿದ ಚೀಟಿ

ಒಳ್ಳೆಯ ಕೆಲಸಕ್ಕೆ ಕಾಲು ಮೂಡುವುದು ತಡವಾಗುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಜೇಕಬ್ ರೀಸ್ ಎಂಬ ಪ್ರಸಿದ್ಧನಾದ ಪತ್ರಿಕಾಕರ್ತನಿದ್ದನು. ಆತನು ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ಆತನ ಸೋದರರನೇಕರು ಕ್ಷಯರೋಗಕ್ಕೆ ತುತ್ತಾಗಿದ್ದರು. ತಾಯ್ನಾಡಿನಿಂದ ತನಗೆ ಬಂದ ಕಾಗದದ ಮೇಲೆ ಈ ಚೀಟಿಯನ್ನು ಕಂಡು, ೧೯೦೭ರಲ್ಲಿ ಆತನು ಅಲ್ಲಿಯ ಪತ್ರಿಕೆಯೊಂದರಲ್ಲಿ ಇದರ ವಿಷಯವಾಗಿ ಲೇಖನವನ್ನು ಬರೆದು, ಅಮೆರಿಕೆಯವರೂ ಹೀಗೇಕೆ ಮಾಡಬಾರದೆಂದು ಕೇಳಿದನು.

ಆ ಲೇಖನವು ಡೆಲವೇರ್ ಸಂಸ್ಥಾನದ ವಿಲ್ಮಿಂಗ್‌ಟನ್ ನಗರದಲ್ಲಿದ್ದ ಎಮಿಲಿ ಬಿಸೆಲ್ ಎಂಬ ಮಹಿಳೆಯ ಕೈಗೆ ಬಿದ್ದಿತು. ಬ್ರಾಂಡಿವೈನ್ ನದಿಯ ಹತ್ತಿರ ಕ್ಷಯರೋಗಿಗಳಿಗಾಗಿ ನಡೆಯುತ್ತಿದ್ದ ಪುಟ್ಟದೊಂದು ಆಶ್ರಯವು ಆಗ ಹಣವಿಲ್ಲದೆ ಮುಚ್ಚಿಹೋಗುವುದರಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ವೈದ್ಯನು ಆಕೆಯ ಬಂಧು. ಮುನ್ನೂರು ಡಾಲರುಗಳು ಸಿಕ್ಕಿದರೆ ರೋಗಿಗಳನ್ನು ಹೊರಗೆ ಕಳುಹಿಸಬೇಕಾಗಿರಲಿಲ್ಲ. ಆಕೆಯು ತಾನೇ ಚೀಟಿಯ ಚಿತ್ರವನ್ನು ಬರೆದು, ಸಾಲ ಮಾಡಿ ಅಚ್ಚು ಹಾಕಿಸಿದಳು. ೧೯೦೭ರ ಡಿಸೆಂಬರ್ ೭ರಂದು ವಿಲ್ಮಿಂಗ್‌ಟನ್ನಿನ ಅಂಚೆಯ ಕಛೇರಿಯಲ್ಲಿ ಒಂದು ಮೇಜನ್ನು ಹಾಕಿ ಚೀಟಿಯೊಂದಕ್ಕೆ ಒಂದು ಸೆಂಟಿನಂತೆ ಮಾರಾಟವು ಮೊದಲಾಯಿತು. ಈ ಚೀಟಿಯಿಂದ ಯಾವ ಕಾಗದವೂ ಸಾಗದು, ಆದರೆ ಎಂತಹ ಕಾಗದವೂ ಈ ಚೀಟಿಯನ್ನು ಸಾಗಿಸಬಲ್ಲುದೆಂಬ ಅರ್ಥದ ಮಾತನ್ನು ಚೀಟಿಗಳ ಲಕೋಟೆಯ ಮೇಲೆ ಅಚ್ಚು ಮಾಡಿದ್ದರು.

ಮೊದಲು ಮಾರಾಟವು ಮಂದವಾಗಿಯೇ ಇತ್ತು. ಆಗ ಆಕೆಯು ಫಿಲಡೆಲ್ಫಿಯ ನಗರದ ದಿನಪತ್ರಿಕೆಯೊಂದರ ಸಹಾಯವನ್ನು ಬೇಡಿದಳು. ಆ ಪತ್ರಿಕೆಯವರು ಚೀಟಿಯ ವಿಷಯವನ್ನು ದಿನದಿನವೂ ಬರೆದರು. ಪತ್ರಿಕೆಗಳನ್ನು ಬೀದಿಯಲ್ಲಿ ಮಾರುವ ಹುಡುಗನೊಬ್ಬನು ಆ ಕಛೇರಿಗೆ ಬಂದು, ಮೇಜಿನ ಮೇಲೆ ಒಂದು ಸೆಂಟನ್ನಿಟ್ಟು, ತನ್ನ ಅಕ್ಕನಿಗೂ ಆ ರೋಗವಿದೆ, ತನಗೂ ಒಂದು ಚೀಟಿ ಬೇಕು ಎಂದು ಕೇಳಿದನೆಂಬ ಕಥೆಯನ್ನು ಈಗಲೂ ಅಲ್ಲಿ ಹೇಳುವುದುಂಟು. ಹಬ್ಬವು ಮುಗಿಯುವ ವೇಳೆಗೆ ಮುನ್ನೂರರ ಬದಲಾಗಿ ಸುಮಾರು ಮೂರು ಸಾವಿರ ಡಾಲರುಗಳು ಕೂಡಿದ್ದುವು. ಮರುವರ್ಷ, ಎಂದರೆ ೧೯೦೮ರಲ್ಲಿ, ರೆಡ್ ಕ್ರಾಸ್ ಸಂಘದವರು ಈ ಕೆಲಸವನ್ನು ದೇಶವ್ಯಾಪಿಯಾಗಿ ಮಾಡಿದರು. ಎರಡು ಅಡ್ಡಗೆರೆಗಳುಳ್ಳ ಶಿಲುಬೆಯ ಗುರುತು, ೧೯೦೨ರಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಕ್ಷಯರೋಗದ ವಿರುದ್ಧ ಹೋರಾಟದ ಚಿಹ್ನೆಯೆಂದು ಸೂಚಿಸಲ್ಪಟ್ಟದ್ದು, ಮುಂದೆ ಈ ಚೀಟಿಗಳ ಮೇಲೆಯೂ ನೆಲೆಸಿತು.

ನಮ್ಮ ನಾಡಿನಲ್ಲಿ

ಭರತಖಂಡಕ್ಕೆ ಈ ಉಪಾಯವು ಬಂದಾಗ ಅದು ನಮ್ಮ ನೆಲದ ಉಡುಪನ್ನು ಉಟ್ಟಿತು. ೧೯೩೯ರಲ್ಲಿ ಭಾರತ ಕ್ಷಯರೋಗ ಸಂಘವು ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ ಆ ಸಂಘವು ಹೊರಡಿಸಿದ ಕ್ಷಯರೋಗ ಪರಿಹಾರದ ಚೀಟಿಗಳ ಮಾರಾಟಕ್ಕೆ ಗಾಂಧೀ ಜಯಂತಿಯಾದ ಅಕ್ಟೋಬರ್ ೨ನೆಯ ದಿನವನ್ನು ಆರಿಸಿಕೊಂಡರು. ಶಾಲೆಯ ಉಪಾಧ್ಯಾಯರು ತಂದು ಹಂಚಿದ ಆ ಚೀಟಿಗಳನ್ನು ನಾಣ್ಯ ಕೊಟ್ಟು ಕೊಂಡು, ಪುಸ್ತಕದ ಹೊದಿಕೆಗೆ ಅಂಟಿಸಿದ ನೆನಪು ಹಿರಿಯ ವಾಚಕರಲ್ಲಿ ಅನೇಕರಿಗೆ ಇರಬಹುದು. ಅದರ ಮೂಲವು ಡೆನ್ಮಾರ್ಕಿನ ಕ್ರಿಸ್ಮಸ್ಸೆಂಬುದು ಎಷ್ಟು ಮಂದಿಗೆ ತಿಳಿದಿತ್ತೋ! ಒಂದು ಮತದವರ ಹಬ್ಬದಲ್ಲಿ ಹುಟ್ಟಿದ ದಯೆಯು ಮತ್ತೊಂದು ನಾಡಿನಲ್ಲಿ ಮಹಾತ್ಮನ ಹುಟ್ಟುಹಬ್ಬದ ದಿನ ಬಾಗಿಲು ತಟ್ಟಿತು. ದಯೆಗೆ ಮತದ ಗಡಿಯಿಲ್ಲವೆಂಬುದಕ್ಕೆ ಬೇರೆ ಪ್ರಮಾಣವು ಬೇಕಾಗಿಲ್ಲ.

ದೊಡ್ಡವರ ದಾನವೂ ನಮ್ಮಲ್ಲಿ ಕಡಮೆಯಾಗಿರಲಿಲ್ಲ. ಮೈಸೂರಿನ ಅರಮನೆಯನ್ನೂ ಈ ರೋಗವು ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ೧೯೨೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಆರೋಗ್ಯಧಾಮವು ನಾಡಿನ ಬಡ ರೋಗಿಗಳೆಲ್ಲರಿಗೂ ಆಸರೆಯಾಯಿತು. ಅರಮನೆಯು ಕಟ್ಟಿಸಿದ ಆಸ್ಪತ್ರೆಯೂ ಬೇಕು, ಗುಮಾಸ್ತನು ಮಾರಿಸಿದ ಚೀಟಿಯೂ ಬೇಕು. ಅರಮನೆಯವರು ವಿರಳ, ಎರಡು ಕಾಸು ಕೊಡಬಲ್ಲವರು ಊರ ತುಂಬ ಇದ್ದಾರೆ ಎಂಬುದನ್ನು ಮಾತ್ರ ಮರೆಯಬಾರದು.

ಕಾಗದ ಹೋಯಿತು, ಕೆಲಸ ಉಳಿಯಿತು

೧೯೪೩ರಲ್ಲಿ ಅಮೆರಿಕೆಯಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಔಷಧವನ್ನು ಕಂಡುಹಿಡಿದರು. ಅಲ್ಲಿಂದ ಮುಂದೆ ಬಂದ ಹಲವು ಔಷಧಗಳಿಂದ ಡೆನ್ಮಾರ್ಕಿನಂತಹ ದೇಶಗಳಲ್ಲಿ ಕ್ಷಯವು ಬಹುಮಟ್ಟಿಗೆ ಅಡಗಿತು. ಕೋಲ್ಡಿಂಗಿನ ಆ ಕಟ್ಟಡವು ಈಗ ಪ್ರವಾಸಿಗಳು ತಂಗುವ ಹೋಟೆಲಾಗಿದೆ. ಹಾಗಾದರೆ ಚೀಟಿಯ ಕೆಲಸವೂ ಮುಗಿಯಿತೆ? ಇಲ್ಲ. ರೋಗವು ತಗ್ಗಿದ ಮೇಲೆ ಆ ಜನರು ತಮ್ಮ ಸುತ್ತಲೂ ನೋಡಿದರು. ಜೊತೆಯ ಮಕ್ಕಳ ಅಪಹಾಸ್ಯಕ್ಕೆ ಗುರಿಯಾಗಿ ಶಾಲೆಯೆಂದರೆ ಹೆದರುವ ಮಕ್ಕಳು, ಅತಿಯಾದ ಮೈಭಾರದಿಂದ ಬಳಲುವ ಮಕ್ಕಳು, ಗೆಳೆಯರೇ ಇಲ್ಲದ ಮಕ್ಕಳು ಅವರ ಕಣ್ಣಿಗೆ ಬಿದ್ದರು. ಇಂದು ಕ್ರಿಸ್ಮಸ್ ಚೀಟಿಯ ಹಣದಿಂದ ನಡೆಯುವ ಮಕ್ಕಳ ಮನೆಗಳಲ್ಲಿ ಇಂತಹವರು ಕೆಲವು ವಾರಗಳ ಕಾಲ ಇದ್ದು, ಮನಸ್ಸನ್ನು ಗಟ್ಟಿಮಾಡಿಕೊಂಡು ಹಿಂದಿರುಗುವರು. ಇನ್ನೂ ಒಂದು ಸಂಗತಿಯುಂಟು. ಜನರು ಕಾಗದ ಬರೆಯುವುದನ್ನೇ ಬಿಟ್ಟುದರಿಂದ, ಆ ದೇಶದ ಅಂಚೆಯ ಸಂಸ್ಥೆಯು ೨೦೨೫ರ ಕೊನೆಗೆ ಕಾಗದಗಳನ್ನು ಹಂಚುವುದನ್ನೇ ನಿಲ್ಲಿಸಿಬಿಟ್ಟಿತು. ದಯೆಯನ್ನು ಹೊತ್ತು ಸಾಗಿದ ವಾಹನವು ಹಳತಾಯಿತು, ದಯೆಯು ಹಳತಾಗಲಿಲ್ಲ.

ನಮ್ಮ ದೇಶದಲ್ಲಾದರೋ ಆ ಮೊದಲಿನ ಶತ್ರುವೇ ಇನ್ನೂ ಕಾಲೂರಿ ನಿಂತಿದ್ದಾನೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಭಾರತದಲ್ಲಿಯೇ ಇರುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ. ಔಷಧವನ್ನು ಸರಕಾರವು ಬೆಲೆಯಿಲ್ಲದೆ ಕೊಡುತ್ತದೆ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ತೆಗೆದುಕೊಂಡರೆ ರೋಗವು ವಾಸಿಯಾಗುತ್ತದೆ. ಕೊರತೆಯಿರುವುದು ಅನ್ನದಲ್ಲಿ. ಹೊಟ್ಟೆಗಿಲ್ಲದ ದೇಹವನ್ನು ಈ ರೋಗವು ಬೇಗನೆ ಹಿಡಿಯುತ್ತದೆ, ನಿಧಾನವಾಗಿ ಬಿಡುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರು ಇತರರೊಡನೆ ಸೇರಿ ಝಾರ್ಖಂಡದಲ್ಲಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶವು ೨೦೨೩ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ತಿಂಗಳು ತಿಂಗಳೂ ಅಕ್ಕಿ, ಬೇಳೆ ಮುಂತಾದುವನ್ನು ಕೊಟ್ಟಲ್ಲಿ, ಆ ಮನೆಯ ಇತರರಿಗೆ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ ೩೯ರಷ್ಟು ಕಡಮೆಯಾಯಿತೆಂದು ಅದರಿಂದ ತಿಳಿದುಬಂದಿತು. ಒಂದು ಮೂಟೆ ಅಕ್ಕಿಯು ಔಷಧದ ಕೆಲಸವನ್ನು ಮಾಡಬಲ್ಲುದೆಂಬುದನ್ನು ಗೃಹಿಣಿಯರು ಗಮನಿಸಬೇಕು.

೨೦೨೨ರಲ್ಲಿ ಕೇಂದ್ರ ಸರಕಾರವು ‘ನಿಕ್ಷಯ ಮಿತ್ರ’ ಎಂಬ ಏರ್ಪಾಡನ್ನು ಮಾಡಿತು. ಒಬ್ಬ ವ್ಯಕ್ತಿಯಾಗಲಿ, ಒಂದು ಸಂಘವಾಗಲಿ ಹೆಸರನ್ನು ಕೊಟ್ಟು, ಸಹಾಯಕ್ಕೆ ಒಪ್ಪಿದ ಕ್ಷಯರೋಗಿಗೆ ತಿಂಗಳು ತಿಂಗಳೂ ಆಹಾರದ ಸಾಮಾನುಗಳನ್ನು ಒದಗಿಸುವುದು ಇದರ ಕ್ರಮ. ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಇದರ ವಿವರಗಳು ದೊರೆಯುವುವು. ಒಂದು ಸಂಸಾರಕ್ಕೆ ಇದು ಭಾರವೆನಿಸಿದರೆ ನಾಲ್ಕು ಸಂಸಾರಗಳು ಕೂಡಿ ಹೊರಬಹುದು. ಹೋಲ್ಬೋಲನ ಉಪಾಯದ ತಿರುಳೇ ಇದಲ್ಲವೆ?

ಗೃಹಸ್ಥರಿಗೆ ನಮ್ಮ ಬಿನ್ನಹ

ಕ್ರಿಸ್ಮಸ್ಸನ್ನು ಆಚರಿಸುವವರಿಗೂ, ಆಚರಿಸುವವರ ಮನೆಯ ತಟ್ಟೆಯನ್ನು ಸಂತೋಷದಿಂದ ಬರಮಾಡಿಕೊಳ್ಳುವವರಿಗೂ ನಾವು ಹೇಳಬೇಕಾದುದು ಅಲ್ಪ.

ಹಬ್ಬದ ವೆಚ್ಚವನ್ನು ಲೆಕ್ಕ ಹಾಕುವಾಗಲೇ ಕೊಡತಕ್ಕ ಭಾಗವನ್ನೂ ಲೆಕ್ಕಕ್ಕೆ ಸೇರಿಸಿರಿ. ಉಳಿದುದರಲ್ಲಿ ಕೊಡೋಣವೆಂದರೆ ಏನೂ ಉಳಿಯುವುದಿಲ್ಲ. ಆ ಭಾಗವು ಚಿಕ್ಕದಾಗಿರಲಿ, ಆದರೆ ತಪ್ಪದೆ ಸಲ್ಲಲಿ. ಒಂದು ದಿನ ಕೊಡುವ ನೂರು ರೂಪಾಯಿಗಿಂತ, ಆರು ತಿಂಗಳು ತಪ್ಪದೆ ತಲಪುವ ಇಪ್ಪತ್ತು ರೂಪಾಯಿಯನ್ನು ನಂಬಿ ಬಡವನು ತನ್ನ ಸಂಸಾರವನ್ನು ನಡೆಸಬಲ್ಲನು. ಕೊಡುವಾಗ ತೆಗೆದುಕೊಳ್ಳುವವನ ಮುಖವನ್ನು ಉಳಿಸಿರಿ. ಕೊಟ್ಟದ್ದನ್ನು ಚಿತ್ರ ತೆಗೆಸಿ ನಾಲ್ಕು ಜನಕ್ಕೆ ತೋರಿಸುವ ಈಗಿನ ಅಭ್ಯಾಸವು, ದಾನದ ಬೆಲೆಯನ್ನು ಬಡವನ ಮಾನದಿಂದ ವಸೂಲು ಮಾಡಿದಂತಾಗುತ್ತದೆ. ಮಕ್ಕಳ ಕೈಯಿಂದಲೂ ಕೊಡಿಸಿರಿ. ಅವರದೇ ಹುಂಡಿಯ ನಾಣ್ಯವನ್ನು ಅವರೇ ತೆಗೆದು ಕೊಟ್ಟರೆ ಆ ಪಾಠವು ಜನ್ಮವಿಡೀ ನಿಲ್ಲುತ್ತದೆ.

ಐನಾರ್ ಹೋಲ್ಬೋಲನು ೧೯೨೭ರಲ್ಲಿ ತೀರಿಕೊಂಡನು. ಆತನು ತನ್ನ ಸ್ವಂತ ಹಣದಿಂದ ಕೊಟ್ಟದ್ದು ಹೆಚ್ಚೇನೂ ಇರಲಾರದು. ತನ್ನ ದಿನನಿತ್ಯದ ಕೆಲಸದ ಮೇಜಿನಿಂದಲೇ, ಇಲ್ಲದವರ ಮನೆಗೆ ಹೋಗುವ ಒಂದು ದಾರಿಯನ್ನು ಆತನು ಕಂಡನು, ಅಷ್ಟೆ. ನಮಗೂ ಒಂದೊಂದು ಮೇಜುಂಟು, ಅಡಿಗೆಯ ಮನೆಯುಂಟು. ಈ ಸಲ ಹಬ್ಬದ ಸಾಮಾನಿನ ಪಟ್ಟಿಯನ್ನು ಬರೆಯುವಾಗ, ಸಕ್ಕರೆ, ತುಪ್ಪ, ದ್ರಾಕ್ಷಿ, ಗೋಡಂಬಿಗಳಿಗಿಂತ ಮೊದಲು, ತಟ್ಟೆಯನ್ನು ತುಂಬಿ ಹಿಂದಿರುಗಿಸಲಾರದ ಒಂದು ಮನೆಯನ್ನು ನೆನೆದು, ಅಕ್ಕಿ ಇಷ್ಟು, ಬೇಳೆ ಇಷ್ಟು ಎಂದು ಬರೆಯಿರಿ. ಜನವರಿ ತಿಂಗಳಿನ ಪಟ್ಟಿಯಲ್ಲಿಯೂ ಅದೇ ಸಾಲು ಮೊದಲು ಬರಲಿ.